ಹತ್ತು ಲಕ್ಷದ ಒಂಬತ್ತು

...ಅಲ್ಲ ಪುಟ್ಟೀ, ಆ ಸಂಖ್ಯೆಯ ಕಥೆ ನನಗೆ ಮೊದಲು ಹೇಳಿದ್ದು ನಿಮ್ಮಮ್ಮ ಅಲ್ಲ, ನಮ್ಮ ಗುಂಡುಮೇಷ್ಟ್ರು. "ಹತ್ತು ಲಕ್ಷದ ಒಂಬತ್ತು. ಅವಿಭಾಜ್ಯವೋ ಅಲ್ಲವೋ, ಶುಕ್ರವಾರ ಬೋರ್ಡಿನ ಮೇಲೆ ತೋರಿಸಿ. ಸರಿಯಾಗಿ ತೋರಿಸಿದವರಿಗೆ ಸಂಶೋಧನೆಯ ಸೀಟು" ಅಂದರು. ಇದ್ದದ್ದು ಒಂದೇ ಸೀಟು! ಅಕ್ಕ, ಅದೇ ನಿಮ್ಮಮ್ಮ, ಕಾಯಿಲೆ ಬಿದ್ದು ಒಂದು ವರ್ಷ ಕಳಕೊಂಡಿದ್ದಳಲ್ಲ, ಹಾಗಾಗಿ ಇಬ್ಬರೂ ಒಂದೇ ಕ್ಲಾಸು. "ಸೇರಿ ಮಾಡೋಣ ಕಣೇ, ಸೀಟು ಯಾರಿಗೆ ಬಂದರೂ ನಮ್ಮ ಮನೆಗೇ ತಾನೇ" ಅಂದಳು.

ನಗಬೇಡ. ಮೇಷ್ಟ್ರು ಲೆಕ್ಕದ ಯಂತ್ರ ಮುಟ್ಟೋಕೆ ಬಿಡ್ತಿರಲಿಲ್ಲ. ಅದರ ವರ್ಗಮೂಲ ಸಾವಿರ ಚಿಲ್ಲರೆ, ಸಾವಿರದೊಳಗೆ ಅವಿಭಾಜ್ಯಗಳು ನೂರ ಅರವತ್ತೆಂಟು. ಒಂದೊಂದರಿಂದಲೂ ಕೈಯಲ್ಲೇ ಭಾಗಿಸಬೇಕು. ಎಲ್ಲೂ ಶೇಷ ಸೊನ್ನೆ ಬರದಿದ್ದರೆ ಸಂಖ್ಯೆ ಅವಿಭಾಜ್ಯ. ಅಡುಗೆಮನೆ ಮೇಜಿನ ಮೇಲೆ ಹಾಳೆ ಹಂಚಿಕೊಂಡ್ವಿ. ಒಬ್ಬಳಿಗೆ ಮುನ್ನೂರರ ಕೆಳಗಿನವು, ಇನ್ನೊಬ್ಬಳಿಗೆ ಮೇಲಿನವು. ಕೆಳಗಿನವು ನಿಮ್ಮಮ್ಮಂಗೆ. ಅವಸರದವಳು... ಇನ್ನೂರ ತೊಂಬತ್ತಮೂರರ ಹತ್ತಿರ ಎಡವಿದಳು. ಅಷ್ಟೇ ಕಥೆ.

ಶುಕ್ರವಾರ ಬೋರ್ಡಿಗೆ ಹೋಗಿ ದಪ್ಪಕ್ಷರದಲ್ಲಿ "ಅವಿಭಾಜ್ಯ" ಅಂತ ಬರೆದಳು. ಮೇಷ್ಟ್ರು ಬೈಯಲಿಲ್ಲ, ಪಕ್ಕದಲ್ಲೇ ಎರಡು ಸಾಲು ಗೀಚಿದರು. ಸಾವಿರದ ವರ್ಗಕ್ಕೆ ಮೂರರ ವರ್ಗ ಸೇರಿಸಿ, ಹತ್ತು ಲಕ್ಷದ ಒಂಬತ್ತು. ಒಂಬೈನೂರ ಎಪ್ಪತ್ತೆರಡರ ವರ್ಗಕ್ಕೆ ಇನ್ನೂರ ಮೂವತ್ತೈದರ ವರ್ಗ ಸೇರಿಸಿ, ಮತ್ತೆ ಅದೇ! "ಅವಿಭಾಜ್ಯವನ್ನ ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ರೀತಿ ಬರೆಯೋಕಾಗಲ್ಲ. ಎರಡೆರಡು ಸಂಸಾರ ಹೂಡಿದ ಸಂಖ್ಯೆ ಒಡೆಯದೆ ಉಳಿಯತ್ತೇನಮ್ಮಾ?" ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಕ್ಕನ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ನಾನೆದ್ದು ಹೋಗಿ ಅಪವರ್ತನ ಎರಡನ್ನೂ ಬರೆದೆ. ಸೀಟು ನನಗಾಯ್ತು. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ.

ಏನು? ಅಷ್ಟು ಬೇಗ ನನಗೆ ಹೇಗೆ ಹೊಳೀತು ಅಂತಾನಾ? ಅಯ್ಯೋ, ಅದು... ಮುನ್ನೂರರ ಕೆಳಗೆ ಕೊನೆಯದೇ ಅದು, ಹಾಳೆಯ ಕೊನೇ ಸಾಲು. ಭಾಗಲಬ್ಧ ಮೂರು ಸಾವಿರದ ನಾನೂರ ಹದಿಮೂರು. ಶೇಷ ಸೊನ್ನೆ. ನನ್ನ ಪೆನ್ನು ಅಲ್ಲೇ ನಿಂತುಬಿಡ್ತು...

ಯಾಕೆ ಹಾಗೆ ನೋಡ್ತೀಯ?

ನನ್ನ ಪೆನ್ನು ಅಂದೆನಾ?

ಬೈಯಿ, ಬೇಕಾದರೆ. ಅವಳಂತೂ ಬೈಯಲೇ ಇಲ್ಲ... ಇಪ್ಪತ್ತಮೂರು ವರ್ಷದಿಂದ ಬಟ್ಟೆ ಹೊಲೀತಿದ್ದಾಳೆ, ಕೊರಳಿಗೆ ಅಳತೆ ಟೇಪು ಹಾಕ್ಕೊಂಡು, ಕಂಡವರ ಸೊಂಟ ಅಳೀತಾ. "ನನ್ನ ತಲೆಗೆ ಲೆಕ್ಕ ಹತ್ತಲ್ಲ" ಅಂತ ನಿನಗೂ ಹೇಳಿರ್ತಾಳೆ. ನೀನು ಗಣಿತ ತಗೋತೀನಿ ಅಂದಾಗ "ನನ್ನ ರಕ್ತ ನಿಂದು, ಬೇಡ" ಅಂದಳಂತೆ, ಅಲ್ವಾ?

ಹ್ಞೂಂ. ಕೆಳಗಿನ ಪಾಲು ನಂದೇ. ಆ ಸೊನ್ನೆಗೊಂದು ಬಾಲ ಎಳೆದು ಆರು ಮಾಡಿದೆ. ಅಕ್ಕ ಮರುಭಾಗಿಸಿ ನೋಡಲಿಲ್ಲ. ತಂಗಿ ಮಾಡಿದ ಲೆಕ್ಕ ಅಲ್ವಾ. ಆಮೇಲೂ ಅದು ನನ್ನ ಕೈತಪ್ಪು ಅಂದ್ಕೊಂಡಳು, ನೋಡದೆ ಬೋರ್ಡಿಗೆ ಹೋದ ತಪ್ಪು ತನ್ನದೇ ಅಂದಳು.

ಏಳು, ಮನೆಗೆ ಹೋಗು. ಬಾಲದ ವಿಷಯ ಹೇಳು. ನನಗಾಗಲ್ಲ... ನೀನು ಹೇಳು. ಮುನ್ನೂರರ ಮೇಲೆ ಅವಳ ಪಾಲಿಗೆ ನೂರ ಆರು ಬಂದಿದ್ದವು. ನಾನು ಆಮೇಲೆ ಒಂದೊಂದನ್ನೂ ಭಾಗಿಸಿ ನೋಡಿದೀನಿ. ನೂರ ಆರೂ ಸರಿಯಾಗಿದ್ದವು ಅಂತ ಹೇಳು ಅವಳಿಗೆ.