ಬುಷ್ ಹಾಕದ ಪೈಪಿನ ಬಗ್ಗೆ ನನ್ನ ಎರಡನೇ ಹೇಳಿಕೆ

ಹೇಳಿಕೆ ಕೊಡುವವನ ವಯಸ್ಸು ನಲವತ್ತಮೂರು. ಕಸುಬು ವೈರಿಂಗ್ ಗುತ್ತಿಗೆ, ಲೈಸೆನ್ಸ್ ಇದೆ. ಅಂಗಡಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಬೀಗ ರಿಪೇರಿಯವರ ಪಕ್ಕ. ವಾಸ ಅದೇ ಅಂಗಡಿಯ ಮೇಲಿನ ಮಹಡಿ. ಜೇಬಿನಲ್ಲಿ ಸದಾ ಟೆಸ್ಟರ್ ಇರುವುದರಿಂದ ಜನ ಕರೆಯುವುದೂ ಟೆಸ್ಟರ್ ಎಂದೇ.

ಇಂದು, 18ನೇ ತಾರೀಖು ಗುರುವಾರ, ಬೆಳಿಗ್ಗೆ 9 ಗಂಟೆ 50 ನಿಮಿಷಕ್ಕೆ ಯಾರ ಕರೆಯೂ ಇಲ್ಲದೆ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ, ನಿನ್ನೆ ಇದೇ ಮೇಜಿನ ಮುಂದೆ ನಾನು ಕೊಟ್ಟ ಹೇಳಿಕೆಯಲ್ಲಿ ವಯಸ್ಸು, ವಿಳಾಸ ಬಿಟ್ಟರೆ ನಿಜ ಎನ್ನುವಂಥದ್ದು ಕಡಿಮೆ.

ನಿನ್ನೆಯಿಂದ ತಾವು ಠಾಣೆಯಲ್ಲಿ ಕೂರಿಸಿಕೊಂಡಿರುವ ಫಿಟ್ಟರ್ ನನ್ನ ಅಕ್ಕನ ಗಂಡ, ವಯಸ್ಸು ಐವತ್ತೆಂಟು. ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಇಕ್ಕಳ ಹಿಡಿಯಲು ಕಲಿಸಿದವರು ಅವರೇ. ಅವರು ಲೈಸೆನ್ಸ್ ಪರೀಕ್ಷೆಗೆ ಕೂರಲಿಲ್ಲ. ನಾನು ಕೂತೆ, ಪಾಸಾದೆ, ಬೋರ್ಡು ಹಾಕಿದೆ. ಎಂಟು ವರ್ಷದಿಂದ ಅವರು ನನ್ನ ಕೈಕೆಳಗೆ ಇದ್ದಾರೆ. ಕೈಕೆಳಗೆ ಎಂಬುದು ಹೇಳಿಕೊಳ್ಳುವುದಕ್ಕೆ. ಕೈ ಅವರದು, ಬೋರ್ಡು ನನ್ನದು.

ಇದೇ ತಿಂಗಳ 8ನೇ ತಾರೀಖು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾವಿಬ್ಬರೂ ಬಸ್ ನಿಲ್ದಾಣದ ಎದುರಿನ ಲಾಂಡ್ರಿಗೆ ಹೋದೆವು. ಹೊಸ ಪ್ಯಾನೆಲ್ ಪೆಟ್ಟಿಗೆಯನ್ನು ಇಸ್ತ್ರಿ ಕೋಣೆಯ ಗೋಡೆಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಕೂರಿಸಿದೆವು. ಮೇನ್ ಬೋರ್ಡಿನಿಂದ ಅಲ್ಲಿಗೆ ಹನ್ನೊಂದು ಮೀಟರ್ ದೂರ. ಒಂದಿಂಚಿನ ಕಬ್ಬಿಣದ ಪೈಪನ್ನು ಹಿಂದಿನ ದಿನವೇ ನಾನು ಒಬ್ಬನೇ ಹೋಗಿ ಹಾಕಿದ್ದೆ. ಎಳೆಯಬೇಕಾದ ವೈರು ಎಂಟು, ಜೊತೆಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್‌ನ ಹಸಿರು ವೈರು ಒಂದು.

ಭಾವ ಪೈಪಿನ ತುದಿಗೆ ಬೆರಳು ಹಾಕಿ ನೋಡಿದರು. ಗರಗಸದಲ್ಲಿ ಕೊಯ್ದ ಬಾಯಿ ಹಾಗೇ ಇತ್ತು, ಒಳಗಿನ ಚೂಪನ್ನು ನಾನು ಅರ ಹಾಕಿ ಉಜ್ಜಿರಲಿಲ್ಲ. ಬೆರಳಿನಲ್ಲಿ ರಕ್ತ ಬಂತು. ಅದನ್ನು ನನಗೆ ತೋರಿಸಿ, ನನ್ನ ಚರ್ಮ ಇಷ್ಟು ದಪ್ಪ, ವೈರಿನದು ಎಷ್ಟು ಎಂದು ಕೇಳಿದರು. ಆಮೇಲೆ ಒಂದೊಂದಾಗಿ ಹೇಳಿದರು. ಪೈಪಿನ ಹೊಟ್ಟೆಯಲ್ಲಿ ನೂರಕ್ಕೆ ನಲವತ್ತು ಪಾಲು ಮಾತ್ರ ವೈರಿರಬೇಕು, ಉಳಿದದ್ದು ಗಾಳಿ, ಈ ಪೈಪಿಗೆ ಒಂಬತ್ತು ವೈರು ಹಿಡಿಸುವುದಿಲ್ಲ. ಎರಡು ಪೆಟ್ಟಿಗೆಗಳ ನಡುವೆ ನಾಲ್ಕು ಬಾಗಿಗಿಂತ ಹೆಚ್ಚು ಕೂಡದು, ಇಲ್ಲಿ ಐದಿವೆ, ಅದರಲ್ಲೊಂದು ಪ್ಲಾಸ್ಟಿಕ್‌ನದು. ಪೈಪು ಪ್ಯಾನೆಲ್ ಒಳಗೆ ಬರುವ ಕಡೆ ವೈರು ಉಜ್ಜದಂತೆ ಬುಷ್ ಇರಬೇಕು, ಇಲ್ಲಿ ಇಲ್ಲ. ಎಲ್ಲ ಬಿಚ್ಚಿ ಒಂದೂವರೆ ಇಂಚಿನದು ಹಾಕೋಣ, ನಾಳೆ ಮುಗಿಯುತ್ತದೆ ಎಂದರು.

ಲಾಂಡ್ರಿ ಯಜಮಾನರು ಅಲ್ಲೇ ನಿಂತಿದ್ದರು. ಅವರು ನಕ್ಕು, "ಏನ್ ಟೆಸ್ಟರ್, ನಿಮ್ಮಿಬ್ಬರಲ್ಲಿ ಯಜಮಾನ ಯಾರು ಅಂತ ಮೊದಲು ತೀರ್ಮಾನ ಮಾಡ್ಕೊಂಡು ಬನ್ನಿ" ಎಂದರು. ಇಸ್ತ್ರಿ ಕೋಣೆಯ ನಾಲ್ಕು ಹೆಂಗಸರೂ ನಕ್ಕರು. ಹೊಟ್ಟೆಗೆ ಹಾಕಿಕೊಳ್ಳಬಹುದಾದ ಮಾತು. ನಾನು ತಲೆಗೆ ಹಾಕಿಕೊಂಡೆ. ಸಂಜೆ ನಾಲ್ಕಕ್ಕೆ ಕರೆಂಟ್ ಕೊಡುತ್ತೇನೆ ಎಂದುಬಿಟ್ಟೆ. ಭಾವ ತಮ್ಮ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು, "ಹಾಗಾದ್ರೆ ನೀನೇ ಎಳಿ ಮಾರಾಯ. ಇದಕ್ಕೆ ನನ್ನ ಕೈ ಏಳಲ್ಲ" ಎಂದು ಹೇಳಿ 11 ಗಂಟೆ 40 ನಿಮಿಷಕ್ಕೆ ಹೊರಟುಹೋದರು.

ನಾನು ಸೋಪಿನ ನೀರು ಸವರಿ ಒಬ್ಬನೇ ಎಳೆದೆ. ಗೋಡೆಗೆ ಕಾಲು ಕೊಟ್ಟು ಎಳೆದೆ. ಎಂಟು ವೈರು ಬಂದವು, ಒಂಬತ್ತನೆಯದು ಮೂರನೇ ಬಾಗಿನಲ್ಲಿ ಸಿಕ್ಕಿಕೊಂಡಿತು. ಸಿಕ್ಕಿಕೊಂಡದ್ದು ಹಸಿರು. ಅದನ್ನು ವಾಪಸ್ಸು ಎಳೆದು ಸುತ್ತಿ ಚೀಲದಲ್ಲಿ ಇಟ್ಟೆ. ಪೈಪು ಕಬ್ಬಿಣದ್ದು, ಅದೇ ಅರ್ತ್ ಆಗುತ್ತದೆ ಎಂದುಕೊಂಡೆ. ನಡುವೆ ಪ್ಲಾಸ್ಟಿಕ್ ಬಾಗು ಇರುವುದು ನನಗೆ ಮರೆತಿರಲಿಲ್ಲ, ನೆನಪಿಗೆ ತಂದುಕೊಳ್ಳಲಿಲ್ಲ ಅಷ್ಟೆ. ಪ್ಯಾನೆಲ್ ಬಾಯಲ್ಲಿ ಒಂದು ಕೆಂಪು ವೈರಿನ ಮೈ ಎರಡು ಕಡೆ ಕಿತ್ತುಹೋಗಿತ್ತು. ಒಂದು ಕಡೆ ಟೇಪ್ ಸುತ್ತಿದೆ. ಇನ್ನೊಂದು ಪೈಪಿನ ಅಂಚಿಗೇ ಇತ್ತು, ಬೆರಳು ಹೋಗಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಪ್ಯಾನೆಲ್‌ಗೆ ವೈರು ಎಳೆದವನು ಅದರ ಬಾಗಿಲ ಒಳಬದಿಗೆ ಕೆಂಪು ಪೆನ್ಸಿಲಿನಲ್ಲಿ ತಾರೀಖು ಬರೆದು ತನ್ನ ಗುರುತು ಹಾಕುತ್ತಾನೆ. ಮುಂದೆ ಬಾಗಿಲು ತೆಗೆದವನಿಗೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂಬುದಕ್ಕೆ. ಭಾವನ ಗುರುತು ಒಂದು ತ್ರಿಕೋನ, ನಡುವೆ ಚುಕ್ಕೆ. ಮಧ್ಯಾಹ್ನ 3 ಗಂಟೆ 50 ನಿಮಿಷಕ್ಕೆ ನಾನು ತ್ರಿಕೋನ ಬರೆದು, ಚುಕ್ಕೆ ಇಟ್ಟು, ಬಾಗಿಲು ಮುಚ್ಚಿದೆ. ಆಗ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ ಎಂದು ಬರೆಸಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದೆ. ಇತ್ತು.

ನಿನ್ನೆ 17ನೇ ತಾರೀಖು ಬುಧವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಇಸ್ತ್ರಿ ಕೋಣೆಯ ಹೆಂಗಸೊಬ್ಬರು, ವಯಸ್ಸು ಮೂವತ್ತಾರು, ಒದ್ದೆ ನೆಲದ ಮೇಲೆ ನಿಂತು ಪ್ಯಾನೆಲ್ ಬಾಗಿಲಿಗೆ ಕೈ ಹಾಕಿದರು. ಯಂತ್ರ ಬಂದ್ ಮಾಡುವುದಕ್ಕೆ. ಪೆಟ್ಟಿಗೆಯ ಮೈಯಲ್ಲೆಲ್ಲ ಕರೆಂಟ್ ಇತ್ತು. ಬಟ್ಟೆ ಒಗೆಯುವವರು ಓಡಿಹೋಗಿ ಮೇನ್ ಇಳಿಸುವವರೆಗೆ ಆಕೆಯ ಕೈ ಬಿಡಲಿಲ್ಲ. ಬಲಗೈಯ ಮೂರು ಬೆರಳು ಸುಟ್ಟಿವೆ, ಬಿದ್ದ ಏಟಿಗೆ ಹೆಗಲ ಮೂಳೆ ಮುರಿದಿದೆ. ಅಂದು ನಕ್ಕ ನಾಲ್ವರಲ್ಲಿ ಆಕೆಯೂ ಒಬ್ಬರು.

ಮಧ್ಯಾಹ್ನ ಮೂರಕ್ಕೆ ತಾವು ನನ್ನನ್ನು ಕರೆಸಿ ಕೆಲಸ ಯಾರದೆಂದು ಕೇಳಿದಿರಿ. ಬಾಗಿಲು ತೆಗೆದು ನೋಡಿ, ಅಲ್ಲೇ ಬರೆದಿರುತ್ತದೆ, ತ್ರಿಕೋನ ಇದ್ದರೆ ಭಾವನದು ಎಂದೆ. ಇಷ್ಟು ಜಾಣತನ ಪೈಪು ಹಾಕುವಾಗ ಇದ್ದಿದ್ದರೆ ಈ ಠಾಣೆಯ ಮೆಟ್ಟಿಲು ಹತ್ತುವ ಕೆಲಸವೇ ಇರುತ್ತಿರಲಿಲ್ಲ. 4 ಗಂಟೆ 10 ನಿಮಿಷಕ್ಕೆ ಭಾವನನ್ನು ಕರೆತಂದರು. ತಾವು ಬಾಗಿಲಿನ ಫೋಟೋ ತೋರಿಸಿದಿರಿ. ಅವರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು, ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಗುರುತು ನನ್ನದೇ ಎಂದರು.

ಇಂದು ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಕ್ಕ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಠಾಣೆಯೊಳಗೆ ಡಬ್ಬಿ ಬಿಡುತ್ತಾರೋ ಇಲ್ಲವೋ, ನಿನಗೆ ನಾಲ್ಕು ಜನರ ಪರಿಚಯ ಇದೆಯಲ್ಲ, ಕೇಳಿಕೊಡು ಎಂದಳು. ಕೇಳುತ್ತೇನೆ ಎಂದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಸೂಜಿಗೆ ದಾರ ಪೋಣಿಸಿಕೊಡಿ ಅಂದ್ರೆ ದಾರದ ತುದಿ ಸರಿಯಿಲ್ಲ ಅಂತ ಮೂರು ಸಲ ಕತ್ತರಿಸೋ ಮನುಷ್ಯ ಕಣೋ. ಬುಷ್ ಹಾಕದೆ ಹೇಗೆ ಬಿಟ್ರು?" ಎಂದು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಬೈದಿದ್ದರೆ ಎದುರುತ್ತರ ಕೊಟ್ಟು ಅಂಗಡಿಯಲ್ಲೇ ಕೂತಿರುತ್ತಿದ್ದೆನೇನೋ. ಡಬ್ಬಿಯನ್ನು ನಾನೇ ತೆಗೆದುಕೊಂಡು ಬಂದೆ.

ಇಲ್ಲಿಯವರೆಗಿನದನ್ನು ಠಾಣೆಯ ಬರಹಗಾರರು ಬರೆದುಕೊಂಡ ಮೇಲೆ, 11 ಗಂಟೆ 5 ನಿಮಿಷಕ್ಕೆ ಭಾವನನ್ನು ಒಳಗೆ ಕರೆದು, ಸದ್ಯಕ್ಕೆ ಹೋಗಬಹುದೆಂದು ತಿಳಿಸಲಾಯಿತು. ಅವರು ಹೋಗಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅದು ಆಮೇಲೆ ನೋಡೋಣ, ಹೀಗೆ ಇನ್ನೂ ಎಲ್ಲೆಲ್ಲಿ ಎಳೆದಿದ್ದೀಯ ಹೇಳು ಎಂದರು. ಮೂರು ಕಡೆ ಎಂದೆ. ಬರಹಗಾರರು ಮೂರು ಎಂದು ಬರೆದರು.

ಬರೆದದ್ದನ್ನು ಅವರು ಓದಿ ಹೇಳುವಾಗ, ಮೂರು ಎಂಬಲ್ಲಿಗೆ ಬಂದಾಗ, ನಾನು ನಿಲ್ಲಿಸಲು ಕೇಳಿಕೊಂಡೆ. ಮೂರಲ್ಲ, ಐದು. ಅಕ್ಷರ ಹೊಡೆದುಹಾಕಿ ಪಕ್ಕದಲ್ಲಿ ನನ್ನ ರುಜು ಹಾಕಿದ್ದೇನೆ. ಐದೂ ವಿಳಾಸಗಳನ್ನು ನನ್ನ ಕೈಬರಹದಲ್ಲೇ ಕೊಟ್ಟಿದ್ದೇನೆ. ಮೊದಲನೆಯದು ಹಲ್ಲಿನ ಡಾಕ್ಟರರ ಕ್ಲಿನಿಕ್, ಅಲ್ಲಿ ಈ ಹೊತ್ತಿಗೆ ಜನ ಕೂತಿರುತ್ತಾರೆ. ಭಾವ ಪಟ್ಟಿಯ ಒಂದು ಪ್ರತಿಯನ್ನು ಮಡಚಿ ಜೇಬಿಗೆ ಹಾಕಿ, ನನ್ನ ಅಂಗಡಿಯ ಕೀಲಿ ಕೇಳಿ ಪಡೆದು, ಐದು ಕಡೆಯೂ ಮೇನ್ ಇಳಿಸಲು 11 ಗಂಟೆ 25 ನಿಮಿಷಕ್ಕೆ ಹೊರಟರು. ಬಾಗಿಲ ತನಕ ಹೋಗಿ ತಿರುಗಿ, "ಆರನೇದು ನೆನಪಾದ್ರೆ ನಾಚಿಕೆಪಡಬೇಡ, ಕೂಡಲೇ ಫೋನ್ ಮಾಡ್ಸು" ಎಂದರು.

ಇದನ್ನೆಲ್ಲ ಯಾರೂ ಹೆದರಿಸದೆ, ಹೇಳಿಕೊಡದೆ, ನಾನಾಗಿ ಬರೆಸಿದ್ದೇನೆ. ಓದಿಸಿ ಕೇಳಿದೆ, ಸರಿಯಾಗಿದೆ. ಐದು ಎಂಬ ಲೆಕ್ಕ ಮಾತ್ರ ನನಗೆ ನೆನಪಿರುವ ಮಟ್ಟಿಗೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 18, ಗುರುವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ
ರುಜು: (ಹೇಳಿಕೆ ಕೊಟ್ಟವನದು)