ನೀರು ತುಂಬಿಸದ ಟ್ಯಾಂಕು

ಕಾರಿನಿಂದ ಇಳಿಸಿದ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆಯ ಬೆಂಕಿ ತೋರಿಸುವ ಮೊದಲು ನೀರು ತುಂಬಿಸಬೇಕು, ಇಲ್ಲದಿದ್ದರೆ ಒಳಗುಳಿದ ಪೆಟ್ರೋಲಿನ ಆವಿ ಹೊತ್ತಿಕೊಳ್ಳುತ್ತದೆ. ಸೊರಬದ ಆ ಶೆಡ್ಡಿನಲ್ಲಿ ಈ ನಿಯಮ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಮ್ಮೆಯೂ ತಪ್ಪದೆ ಪಾಲಿಸಿದವರೂ ಇರಲಿಲ್ಲ. ನಿಯಮ ಹೇಳಿಕೊಟ್ಟ ಗುಲಾಬ್ ಸಾಬರೇ ಒಂದು ದಿನ ಅವಸರಕ್ಕೆ ಬಿದ್ದರು. ಟ್ಯಾಂಕು ಸಿಡಿಯಿತು, ಅವರು ಉಳಿಯಲಿಲ್ಲ. ಆಮೇಲೆ ಅವರ ಮಗ ಶಹಬಾಜ್ ಅದೇ ಜಾಗದಲ್ಲಿ ವೆಲ್ಡಿಂಗ್‌ಗೆ ಕೂತ.

ತೊಂಬತ್ತಾರರಲ್ಲಿ ಶಿಕಾರಿಪುರದ ವ್ಯಾಪಾರಿ ಮಹೇಶ್ವರಪ್ಪನವರು ತಮ್ಮ ತಂದೆಯ ಕಾಲದ ಮಾರಿಸ್ ಕಾರನ್ನು ಅಲ್ಲಿಗೆ ರಿಪೇರಿಗೆ ತಂದರು. ಮಗಳನ್ನು ಅದರಲ್ಲೇ ಕೂರಿಸಿ ಛತ್ರಕ್ಕೆ ಕರೆದೊಯ್ಯುವ ಹಟ. ಮದುವೆಯ ಹಿಂದಿನ ದಿನ ನೋಡಿದರೆ ಟ್ಯಾಂಕು ಸೋರುತ್ತಿದೆ! ಮೆಕ್ಯಾನಿಕ್ ಈಶ್ವರ್, ನಮ್ಮ ಸೋದರತ್ತೆಯ ಮಗ, ಕಾರಿನಡಿ ಮಲಗಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಬಿಚ್ಚಿ, ಟ್ಯಾಂಕನ್ನು ಎದೆಯ ಮೇಲೆ ಇಳಿಸಿಕೊಂಡ. ಪೆಟ್ರೋಲ್ ಬಸಿದು ಬಿಸಿಲಿಗಿಟ್ಟರು.

"ನೀರು?" ಅಂದ ಶಹಬಾಜ್.

"ನೀರು ಹಾಕಿದ್ರೆ ಒಳಗೆ ಆರೋದ್ಯಾವಾಗ? ಬೆಳಗ್ಗೆ ಗಾಡಿ ಬೇಕ್ರೀ," ಅಂದರು ಮಹೇಶ್ವರಪ್ಪ.

ಶಹಬಾಜ್ ಒಪ್ಪಿಬಿಟ್ಟ.

ಕತ್ತಲಾದ ಮೇಲೆ ಮನೆಯಲ್ಲಿ ಉಂಡು ಶೆಡ್ಡಿಗೆ ವಾಪಸ್ಸು ಬರುತ್ತಿದ್ದ. ಶೆಡ್ಡಿನ ಹಿಂದೆ ಬಾವಿ. ಅಪ್ಪ ನೀರು ಸೇದುತ್ತಿದ್ದ ಬಾವಿ. ಅಪ್ಪ ತೀರಿಕೊಂಡ ವರ್ಷವೇ ಅದರ ರಾಟೆಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಕಿರ್ರ್... ಕಿರ್ರ್...

ನಿಂತ. ರಾಟೆ ತಿರುಗುವ ಸದ್ದು. ಕೆಳಗೆಲ್ಲೋ ಕೊಡ ಮುಳುಗಿ ಗುಳುಕ್ ಅಂತು... ಆಮೇಲೆ ಏನೂ ಇಲ್ಲ.

"ಯಾಕೋ, ದೆವ್ವ ನೋಡ್ದೋನ ಥರ ಬಂದೆ?" ಈಶ್ವರ್ ನಕ್ಕ.

"ಸುಮ್ನಿರೋ."

ಶಹಬಾಜ್ ಗ್ಯಾಸ್ ಬಿಟ್ಟ. ಸುಸ್ಸ್... ಕಡ್ಡಿ ಗೀರಿದ. ನೀಲಿ ಜ್ವಾಲೆ ಹಿಡಿದು ಟ್ಯಾಂಕಿನ ಕಡೆ ತಿರುಗಿದ.

ಟಣ್... ಟಣ್.

ಬೆರಳಿನ ಗೆಣ್ಣಿಂದ ಬಡಿದ ಹಾಗೆ. ನೀರು ತುಂಬಿದೆಯೋ ಇಲ್ಲವೋ ಅಂತ ಗುಲಾಬ್ ಸಾಬರು ಹೀಗೇ ಬಡಿದು ನೋಡುತ್ತಿದ್ದರು. ಈ ಸದ್ದು ಮಾತ್ರ ಟ್ಯಾಂಕಿನ ಒಳಗಿಂದ ಬಂದಿತ್ತು.

"ತಗಡು... ತಣ್ಣಗಾಗ್ತಿರಬೇಕು," ಈಶ್ವರ್ ಪಿಸುಗುಟ್ಟಿದ.

"ಬೆಸುಗೆ ಹಾಕ್ರೀ ಸಾಬ್ರೆ. ಬೀಗರ ಮುಂದೆ ನನ್ನ ಮರ್ಯಾದೆ ತೆಗೀಬೇಡ್ರಿ," ಅಂದರು ಅಲ್ಲೇ ಕಾದು ಕೂತಿದ್ದ ಮಹೇಶ್ವರಪ್ಪ.

ಟಣ್... ಟಣ್.

ಶಹಬಾಜ್ ಜ್ವಾಲೆ ಆರಿಸಿದ. ಸಿಲಿಂಡರ್ ಬಂದ್ ಮಾಡಿ ಅದರ ಕೀಲಿ ಜೇಬಿಗೆ ಹಾಕಿಕೊಂಡ.

"ನಾಳೆಗೆ ಜೀಪು ಮಾಡ್ಕೊಳ್ರಿ ಯಜಮಾನ್ರೆ."

"ಇನ್ಮೇಲೆ ಈ ತಾಲ್ಲೂಕಲ್ಲಿ ನಿಂಗೆ ಕೆಲಸ ಕೊಡೋರು ಯಾರು, ನೋಡ್ತೀನಿ!"

"ನೋಡ್ರಿ. ಜೀವ ಇದ್ದೋನಿಗೆ ತಾನೇ ಕೆಲಸ?"

ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಸೇದುಹಗ್ಗಕ್ಕೆ ಕೈ ಹಾಕಿದ. ತಿಂಗಳುಗಟ್ಟಲೆ ಯಾರೂ ಮುಟ್ಟದ ಹಗ್ಗ. ನಂಬುವವರು ನಂಬಿ, ಬಿಡುವವರು ಬಿಡಿ. ಈಶ್ವರ್ ಅದನ್ನು ತಾನೇ ಮುಟ್ಟಿ ನೋಡಿದ್ದಾನೆ, ಅವನು ಸುಳ್ಳು ಹೇಳುವವನಲ್ಲ. ಹಗ್ಗ ಪೂರ್ತಿ ಒದ್ದೆಯಾಗಿತ್ತು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಶಹಬಾಜ್ ಅದಕ್ಕೇ ಕೊಡ ಕಟ್ಟಿಕೊಂಡು ಬಾವಿಗೆ ಹೋದ.