ಇಸ್ತ್ರಿ ಅಕ್ಕನ ಕೈ

ಮಳೆ ಮಧ್ಯಾಹ್ನದಿಂದಲೇ ಹಿಡಿದುಕೊಂಡಿತ್ತು. ನರ್ಸಿಂಗ್ ಹಾಸ್ಟೆಲ್ಲಿನ ಊಟದ ಕೋಣೆಯಲ್ಲಿ ಕರೆಂಟು ಹೋಗಿ, ಗ್ಯಾಸ್ ಒಲೆಯ ನೀಲಿ ಉರಿ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಒಣಗದ ಯೂನಿಫಾರ್ಮುಗಳು ತಂತಿಯ ಮೇಲೆ ತಲೆಯಿಲ್ಲದ ಹೆಂಗಸರ ಹಾಗೆ ಜೋತುಬಿದ್ದಿದ್ದವು. ಮೊದಲ ವರ್ಷದ ನಾವೆಲ್ಲ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು. ಮಾರನೇ ದಿನದಿಂದ ನಮಗೆ ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಡ್ಯೂಟಿ. ನಮ್ಮಲ್ಲೊಬ್ಬಳು ತಡೆಯಲಾರದೆ, "ಆ ವಾರ್ಡಲ್ಲಿ ಏನೋ ಇದೆಯಂತಲ್ಲ, ಹೌದಾ ದೊಡ್ಡಮ್ಮಾ?" ಎಂದು ಕೇಳಿಯೇಬಿಟ್ಟಳು.

ದೊಡ್ಡಮ್ಮ ಎಂದರೆ ನಮ್ಮ ವಾರ್ಡನ್. ನಿವೃತ್ತಿಯಾಗುವ ತನಕ ಅದೇ ವಾರ್ಡಿನ ಹೆಡ್ ನರ್ಸ್ ಆಗಿದ್ದವರು. ನಕ್ಕು ಬೈಯುತ್ತಾರೆ ಅಂದುಕೊಂಡಿದ್ದೆವು. ನಗಲಿಲ್ಲ. ಶಾಲನ್ನು ಕಿವಿಯ ತನಕ ಎಳೆದುಕೊಂಡು, ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಜರುಗಿಸಿದರು.

"ಏನೋ ಇದೆ ಅನ್ನಬೇಡ್ರೇ. ಅವಳೇನು ಇಲಿಯಾ, ಹೆಗ್ಗಣಾನಾ? ಯಾರೋ ಇದ್ದಾಳೆ ಅನ್ನಿ... ಪಾಪ, ಅಷ್ಟು ಮರ್ಯಾದೆಯಾದ್ರೂ ಕೊಡಿ.

"ನಾನು ಆ ವಾರ್ಡಿಗೆ ಬಂದ ಹೊಸತರಲ್ಲಿ ಒಬ್ಬಳು ಹುಡುಗಿ ಬರ್ತಿದ್ಲು. ಪುಟ್ಟ ಮಕ್ಕಳ ಶಾಲೇಲಿ ಪಾಠ ಹೇಳ್ತಿದ್ದೋಳು, ಅದಕ್ಕೇ ನಾವೆಲ್ಲ ಟೀಚರಮ್ಮ ಅಂತ ಕರೀತಿದ್ವಿ. ರಕ್ತ ಕಡಿಮೆ ಅಂದ್ರೆ ಜನ ಏನಂದ್ಕೊಳ್ತಾರೆ? ಸೊಪ್ಪು ತಿನ್ನು, ಮಾತ್ರೆ ನುಂಗು, ಸರಿಹೋಗುತ್ತೆ ಅಂತಾರೆ. ಎಷ್ಟೋ ಜನಕ್ಕೆ ಸರಿಹೋಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇವಳಿಗೆ ಮೂಳೆಯ ಒಳಗಿನ ಮಜ್ಜೆ ಇದೆಯಲ್ಲ, ರಕ್ತ ಹುಟ್ಟೋ ಜಾಗ... ಅದೇ ಬರಿದಾಗ್ತಾ ಬಂದಿತ್ತು. ಬೇರೆಯವರ ರಕ್ತ ಏರಿಸಿದ್ರೆ ಒಂದಷ್ಟು ದಿನ ಮುಖಕ್ಕೆ ಬಣ್ಣ ಬರೋದು, ಮಕ್ಕಳಿಗೆ ಪಾಠ ಹೇಳೋಕೆ ಹೋಗೋಳು, ಆಮೇಲೆ ಮತ್ತೆ ಮೆಟ್ಟಿಲು ಹತ್ತೋಕಾಗದೆ ಏದುಸಿರು ಬಿಡ್ತಾ ವಾಪಸ್ ಬರೋಳು. ಅದೇ ಹಾಸಿಗೆ, ಕಿಟಕಿ ಪಕ್ಕದ್ದು.

"ಅವಳ ಹಿಂದೆ ಅವಳ ಅಕ್ಕ. ಅಪ್ಪ ಅಮ್ಮ ಇರಲಿಲ್ಲ, ಆ ಅಕ್ಕನೇ ತಂಗೀನ ಎತ್ತಿ ಆಡಿಸಿ ಬೆಳೆಸಿದ್ದು. ಲಾಂಡ್ರಿ ಅಂಗಡೀಲಿ ಇಸ್ತ್ರಿ ಮಾಡೋ ಕೆಲಸ. ಬಂದ್ರೆ ಸಾಕು, ಬಾಗಿಲಲ್ಲೇ ಒದ್ದೆ ಬಟ್ಟೆ ಸುಟ್ಟ ಹಾಗೆ ಒಂಥರಾ ಬೆಚ್ಚನೆ ವಾಸನೆ. ಕೈಯಂತೂ ಯಾವಾಗಲೂ ಬಿಸಿ. ಎಂಥಾ ಚಳೀಲೂ ಬಿಸಿ. ನಾನೇ ಡ್ಯೂಟಿ ಮುಗಿದ ಮೇಲೆ ಅವಳ ಕೈ ಹಿಡ್ಕೊಂಡು ಬೆರಳು ಕಾಯಿಸ್ಕೊಂಡಿದ್ದೀನಿ, ಗೊತ್ತಾ? ನಾವು ಹೇಳಿಕೊಟ್ಟಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡೋಳು. ಮೆತ್ತನೆ ಬ್ರಷ್ಷಲ್ಲೇ ಹಲ್ಲುಜ್ಜಿಸೋದು, ಒಸಡಿಂದ ರಕ್ತ ಬಂತಾ ನೋಡೋದು, ಕಾಲಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿ ಎದ್ದಿದೆಯಾ ಅಂತ ಹುಡುಕೋದು, ಶೀತ ಆದೋರು ಯಾರೇ ಬರಲಿ, ಡಾಕ್ಟರೇ ಆಗಲಿ, 'ಸ್ವಾಮಿ, ಆ ಕಡೆ ಸೀನಿ' ಅಂತ ಅಟ್ಟೋದು! ಬಂದ ತಕ್ಷಣ ಮೊದಲ ಕೆಲಸ ಏನು? ಹೆಬ್ಬೆರಳಲ್ಲಿ ತಂಗಿಯ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ಬಣ್ಣ ನೋಡೋದು. ಬಿಳುಚಿದ್ರೆ ಮಾತಿಲ್ಲ. ಸ್ವಲ್ಪ ಕೆಂಪಿದ್ರೆ ಹಣೆಗೊಂದು ಮುತ್ತು.

"ಒಂದು ದಿನ ಡಾಕ್ಟರು ಹೇಳಿದ್ರು, ಅಕ್ಕನ ಮಜ್ಜೆ ತಂಗಿಗೆ ಹೊಂದುತ್ತೆ, ತೆಗೆದು ಕೊಟ್ರೆ ಇವಳು ಬದುಕ್ತಾಳೆ ಅಂತ. ಆವತ್ತು ಆ ಅಕ್ಕನ ಮುಖ ನೋಡಬೇಕಿತ್ತು ನೀವು. 'ತಗೊಳ್ಳಿ ಸಾರ್, ಎಷ್ಟು ಬೇಕೋ ತಗೊಳ್ಳಿ, ಬೇಕಾದ್ರೆ ಇಸ್ತ್ರಿ ಮಾಡಿ ಮಡಚಿ ಕೊಡ್ತೀನಿ' ಅಂದ್ಲು. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಟೀಚರಮ್ಮ ನಕ್ಕೂ ನಕ್ಕೂ ಕೆಮ್ಮಿದ್ಲು.

"ಅದೇ ವಾರ... ಹೀಗೇ ಮಳೆ. ಲಾಂಡ್ರಿಯಿಂದ ಓಡೋಡಿ ಬರ್ತಿದ್ದೋಳಿಗೆ ನಮ್ಮ ಗೇಟಿನ ಎದುರಿಗೇ ಲಾರಿ ಹೊಡೀತು. ಎತ್ಕೊಂಡು ಬಂದಿದ್ದೂ ನಮ್ಮ ಆಸ್ಪತ್ರೆಗೇ. ಕೆಳಗಡೆ ಅಕ್ಕ ತಣ್ಣಗೆ ಮಲಗಿದ್ದಾಳೆ, ಮೇಲುಗಡೆ ತಂಗಿ ಕಿಟಕೀಲಿ ದಾರಿ ನೋಡ್ತಾ, 'ಸಿಸ್ಟರ್, ಅಕ್ಕ ಛತ್ರಿ ತಗೊಂಡಿಲ್ಲ ಅನಿಸುತ್ತೆ' ಅಂತಾಳೆ. ಏನು ಹೇಳ್ತೀರಿ, ಹೇಳಿ? ಅವಳ ರಕ್ತ ಅಷ್ಟು ಇಳಿದಿತ್ತು, ಈ ಸುದ್ದಿ ತಡೆಯೋಳಲ್ಲ, ಸ್ವಲ್ಪ ಸುಧಾರಿಸ್ಕೊಳ್ಳಲಿ, ಆಮೇಲೆ ಹೇಳೋಣ ಅಂತ ಡಾಕ್ಟರೂ ಅವರ ಸೋದರಮಾವನೂ ಸೇರಿ ತೀರ್ಮಾನ ಮಾಡಿದ್ರು. ಅಕ್ಕನಿಗೆ ಜ್ವರ, ನಿನಗೆ ಅಂಟುತ್ತೆ ಅಂತ ಬರ್ತಿಲ್ಲ... ಇದೇ ಮಾತು ಎಲ್ಲರ ಬಾಯಲ್ಲೂ. ಮಾವ ಪಾಪ, ಸುಳ್ಳು ಹೇಳೋಕೆ ಬರದ ಮನುಷ್ಯ, ಪ್ರತಿ ಸಲ ಕಿತ್ತಲೆ ಸುಲಿಯೋ ನೆಪದಲ್ಲಿ ಗೋಡೆ ಕಡೆ ತಿರುಗೋರು.

"ಮಾರನೇ ದಿನ ಸಂಜೆ ನಾನು ಟೆಂಪರೇಚರ್ ನೋಡೋಕೆ ಹೋದ್ರೆ ಟೀಚರಮ್ಮ ಅಂದ್ಲು, 'ಜ್ವರ ಅಂದ್ರಲ್ಲ ಸಿಸ್ಟರ್, ಈಗ ಬಂದಿದ್ಲು. ರೆಪ್ಪೆ ಎಳೆದು ನೋಡಿದ್ಲು. ಮಾತಾಡದೆ ಹೋದ್ಲು.' ಮಂಪರಲ್ಲಿ ಏನೋ ಕಂಡಿರಬೇಕು ಅಂತ ಸುಮ್ಮನಾದೆ. ಮರುದಿನ ಸಂಜೆಯೂ ಅದೇ ಮಾತು, ಅದರ ಮರುದಿನವೂ ಅದೇ. ಕನಸಾದ್ರೆ ದಿನಾ ಹೊತ್ತಿಗೆ ಸರಿಯಾಗಿ ಬೀಳುತ್ತಾ?

"ಆಮೇಲೊಂದು ದಿನ ರಕ್ತ ಏರಿಸ್ತಿದ್ವಿ. ನಾಳೆ ನೀವೂ ಏರಿಸ್ತೀರಿ, ಅದಕ್ಕೇ ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಚೀಲದ ಮೇಲಿನ ಹೆಸರು, ಕೈಪಟ್ಟಿಯ ಹೆಸರು, ಗುಂಪು, ಎಲ್ಲ ಇಬ್ಬಿಬ್ಬರು ನೋಡಿದ್ವಿ. ಮೊದಲ ಕಾಲು ಗಂಟೆ ಪಕ್ಕದಲ್ಲೇ ಕೂತು ನಾಡಿ, ಜ್ವರ, ಉಸಿರು ನೋಡಿದೆ. ಎಲ್ಲ ಚೆನ್ನಾಗಿತ್ತು. ಮಧ್ಯೆ ಮಧ್ಯೆ ಬಂದು ನೋಡಿ ಹೋಗ್ತಾನೂ ಇದ್ದೆ. ಆಚೆ ತುದೀಲಿ ಒಬ್ಬ ಅಜ್ಜನಿಗೆ ವಾಂತಿ ಶುರುವಾಯ್ತು ಅಂತ ಎದ್ದೆ... ಅಷ್ಟರಲ್ಲಿ ಟೀಚರಮ್ಮನ ಹಾಸಿಗೆಯ ಗಂಟೆ ಹೊಡ್ಕೊಳ್ಳೋಕೆ ಶುರು. ಒಂದೇ ಸಮ, ಇಟ್ಟ ಬೆರಳು ತೆಗೀದ ಹಾಗೆ. ಓಡಿ ಬಂದ್ರೆ ಹುಡುಗಿ ಹಲ್ಲು ಕಟಕಟ ಅಂತ ನಡುಗ್ತಿದ್ದಾಳೆ, ಮೈಯೆಲ್ಲ ಚಳಿ, ಬೆನ್ನು ನೋವು ಅಂತಾಳೆ. ರಕ್ತ ಒಗ್ಗದೆ ಹೋದಾಗ ಹಾಗಾಗುತ್ತೆ. ಮೊದಲು ಹನಿ ನಿಲ್ಲಿಸಬೇಕು ಅಂತ ಕೊಳವೆಗೆ ಕೈ ಹಾಕಿದ್ರೆ... ತಿರುಪು ಆಗಲೇ ಬಿಗಿಯಾಗಿ ಮುಚ್ಚಿದೆ! ಕಂಬಳಿ ಕುತ್ತಿಗೆ ತನಕ ಹೊದಿಸಿದೆ, ಅಂಚು ಇಸ್ತ್ರಿ ಹಾಕಿದ ಹಾಗೆ ನೀಟಾಗಿ ಒಳಗೆ ಮಡಚಿದೆ. ಗಂಟೆಯ ಗುಂಡಿ ಗೋಡೆ ಮೇಲೆ, ಅವಳ ಕೈಗೆ ಎಟುಕೋ ಜಾಗವೇ ಅಲ್ಲ. ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ರು, ಉಳ್ಕೊಂಡ್ಲು. 'ಯಾರು ನಿಲ್ಲಿಸಿದ್ದು? ಇನ್ನೂ ಸ್ವಲ್ಪ ಹರಿದಿದ್ರೆ ಕಷ್ಟವಿತ್ತು' ಅಂದ್ರು.

"ನಡುಕ ನಿಂತ ಮೇಲೆ ನಾನು ಅವಳ ಹಣೆ ಒರೆಸ್ತಿದ್ದೆ. ಕಣ್ಣು ಮುಚ್ಕೊಂಡೇ ಅಂದ್ಲು, 'ಸಿಸ್ಟರ್, ನನಗೆ ಗೊತ್ತು.'

"'ಏನು ಗೊತ್ತು ಮಗಳೇ?'

"'ಅಕ್ಕನ ಕೈ ಯಾವತ್ತೂ ಬಿಸಿ. ಆ ಮಳೆ ದಿನದಿಂದ ತಣ್ಣಗಿದೆ. ಮೊದಲ ಸಲ ಮುಟ್ಟಿದಾಗಲೇ ಗೊತ್ತಾಯ್ತು. ನೀವೆಲ್ಲ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ... ಮಾವನ ಮುಖ ನೋಡೋಕಾಗದೆ ಸುಮ್ಮನಿದ್ದೆ.'

"ನಾವು ಅವಳನ್ನ ಕಾಪಾಡ್ತಿದ್ದೀವಿ ಅಂದ್ಕೊಂಡಿದ್ವಿ ಕಣ್ರೇ. ನಮ್ಮನ್ನ ಅವಳು ಕಾಪಾಡ್ತಿದ್ಲು. ನನಗೆ ಅಳು ತಡೆಯೋಕಾಗಲಿಲ್ಲ. ಅವಳೇ ನನ್ನ ಕೈ ಸವರಿ ಮತ್ತೆ ಅಂದ್ಲು, 'ಒಂದು ಮಾತು ನಡೆಸಿಕೊಡಿ. ಅಕ್ಕನಿಗೆ ಹೇಳಬೇಡಿ. ತಾನು ಸತ್ತಿರೋದು ಅವಳಿಗೆ ಇನ್ನೂ ಗೊತ್ತಿಲ್ಲ. ಕೆಲಸಕ್ಕೆ ತಡವಾಯ್ತು ಅಂತ ದಿನಾ ಅವಸರ ಮಾಡ್ಕೊಂಡು ಹೋಗ್ತಾಳೆ... ಗೊತ್ತಾದ್ರೆ ತುಂಬ ಹೆದರ್ತಾಳೆ.'

"ಮಾತು ಕೊಟ್ಟೆ. ಇನ್ನೇನು ಮಾಡಲಿ?

"ಮಜ್ಜೆ ಕೊಡೋ ಇನ್ನೊಬ್ಬರು ಸಿಗಲಿಲ್ಲ. ಕೊನೆಗೆ ಮಾವ, ದೂರದ ಊರಲ್ಲಿ ದೊಡ್ಡ ಆಸ್ಪತ್ರೆ ಇದೆ ಅಂತ ಕರ್ಕೊಂಡು ಹೋದ್ರು. ಹೊರಡೋವಾಗ ಬಾಗಿಲಲ್ಲಿ ಗಾಲಿ ಕುರ್ಚಿ ನಿಲ್ಲಿಸಿ ಖಾಲಿ ಹಾಸಿಗೆ ಕಡೆ ಬಹಳ ಹೊತ್ತು ನೋಡಿದ್ಲು. ಆ ದೊಡ್ಡ ಆಸ್ಪತ್ರೇಲೇ ತೀರ್ಕೊಂಡ್ಲು. ಮಾವ ಬಂದು ಹೇಳಿ ಹೋದ್ರು, ಆವತ್ತು ಗೋಡೆ ಕಡೆ ತಿರುಗಲಿಲ್ಲ, ನನ್ನ ಮುಖ ನೋಡೇ ಹೇಳಿದ್ರು.

"ಅಲ್ಲಿಗೆ ಮುಗೀಬೇಕಿತ್ತು, ಅಲ್ವಾ? ಆದ್ರೆ ಆ ಅಕ್ಕನಿಗೆ ಯಾರು ಹೇಳ್ಬೇಕು? ತಂಗಿ ಹೋಗಿದ್ದು ಅವಳಿಗೆ ತಿಳಿಯಲೇ ಇಲ್ಲ. ಆ ಕಿಟಕಿ ಪಕ್ಕದ ಹಾಸಿಗೇಲಿ ಯಾರು ಮಲಗಲಿ, ಮುದುಕ ಮಲಗಲಿ, ಮಗು ಮಲಗಲಿ, ಸಂಜೆ ಹೊತ್ತು ಕೇಳ್ತಾರೆ, 'ಸಿಸ್ಟರ್, ನಿಮ್ಮ ಕೈ ಯಾಕಿಷ್ಟು ತಣ್ಣಗಿದೆ?' ನಾವು ಅವರನ್ನ ಮುಟ್ಟೇ ಇರಲ್ಲ! ನಿಮ್ಮನ್ನ ಕೇಳಿದ್ರೆ ಕಿರುಚಬೇಡಿ. ರೋಗೀನ ಹೆದರಿಸಬೇಡಿ. 'ಈಗ ತಾನೇ ಕೈ ತೊಳೆದೆ' ಅನ್ನಿ, ತಕ್ಷಣ ಆ ರೋಗಿಯ ನಾಡಿ ನೋಡಿ.

"ಹೋದ ತಿಂಗಳು ನಾನು ಕೆಲವು ದಿನ ಹಾಸ್ಟೆಲಲ್ಲಿ ಇರಲಿಲ್ಲ, ನೆನಪಿದೆಯಾ? ನೆಂಟರ ಮನೆ ಅಂದಿದ್ದೆ. ಅಲ್ಲ. ನನಗೂ ರಕ್ತ ಇಳಿದಿತ್ತು, ಆ ವಾರ್ಡಲ್ಲೇ ಮಲಗಿದ್ದೆ, ಅದೇ ಹಾಸಿಗೆ ಕೊಟ್ಟಿದ್ರು. ಸಂಜೆ ಕಣ್ಣು ಹತ್ತಿತ್ತು... ರೆಪ್ಪೆ ಮೇಲೆ ಐಸಿನ ಹಾಗೆ ಹೆಬ್ಬೆರಳು. ಅದೇ ಬಟ್ಟೆ ಸುಟ್ಟ ವಾಸನೆ. ಬಗ್ಗಿ ನೋಡಿ ನನ್ನ ಗುರುತು ಹಿಡಿದ್ಲು, 'ನೀವಾ ಸಿಸ್ಟರ್? ನನ್ನ ತಂಗಿ ಎಲ್ಲಿ?' ಅಂದ್ಲು.

"ನಾಲಿಗೆ ತುದಿಗೆ ಬಂದಿತ್ತು ಕಣ್ರೇ, ಹೇಳಿಬಿಡೋಣ ಅಂತ. ಆ ಮುಖ ನೋಡಿದೆ... ಬಾಯಿ ಬರಲಿಲ್ಲ. 'ಚೆನ್ನಾಗಿದ್ದಾಳೆ, ಮನೆಗೆ ಹೋದ್ಲು' ಅಂದೆ.

"ಎಷ್ಟು ಚೆನ್ನಾಗಿ ನಕ್ಲು ಗೊತ್ತಾ! ನನ್ನ ಹೊದಿಕೆಯ ಅಂಚು ಮಡಚಿದ್ಲು, 'ಹಾಗಾದ್ರೆ ರಕ್ತ ಏರಿಸ್ಕೊಳ್ಳೋಕೆ ಅವಳು ಮತ್ತೆ ಇಲ್ಲಿಗೇ ಬರ್ಲೇಬೇಕಲ್ಲ ಸಿಸ್ಟರ್' ಅಂದ್ಲು, ಸ್ಟೂಲು ಎಳ್ಕೊಂಡ್ಲು... ಅಲ್ಲೇ ಕೂತ್ಲು."